ಹಾಲು ಹಾಕಿ ಬಂದ ಮೇಲೆ ಒಂದು ಅಧ್ಯಾಯ

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಸಿ ಚರ್ಚಿನಿಂದ ಹೊರಗೆ ಬರುವಾಗ ನಮ್ಮಲ್ಲಿ ಬಹಳ ಜನರ ಕೈಯಲ್ಲಿ ಎರಡು ಕಾಗದ ಇರುತ್ತವೆ. ಒಂದು ಹೊಸ ವರ್ಷದ ವಾಗ್ದಾನದ ಕಾರ್ಡು. ಇನ್ನೊಂದು, ವರ್ಷದೊಳಗೆ ಇಡೀ ಸತ್ಯವೇದ, ಅಂದರೆ ಬೈಬಲ್, ಓದಿ ಮುಗಿಸುವ ಪಟ್ಟಿ. ಈ ಸಲ ಬಿಡಬಾರದು ಅಂತ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡು ಮನೆಗೆ ಬರುತ್ತೇವೆ. ನಾನೂ ಆರೇಳು ವರ್ಷ ಹಾಗೇ ಪಟ್ಟಿ ತಂದು ಗೋಡೆಗೆ ಅಂಟಿಸಿದವಳು. ಪ್ರತಿ ವರ್ಷ ಫೆಬ್ರವರಿ ಹೊತ್ತಿಗೆ ನಿಂತುಹೋಗುತ್ತಿತ್ತು. ನನಗೆ ಭಕ್ತಿ ಕಡಿಮೆ, ಅದಕ್ಕೇ ಹೀಗೆ ಅಂತ ತುಂಬಾ ನೊಂದುಕೊಂಡಿದ್ದೇನೆ. ಆಮೇಲೆ ಒಂದು ದಿನ ಕೂತು ಲೆಕ್ಕ ಹಾಕಿದೆ.

ನಮ್ಮ ಸತ್ಯವೇದದ 66 ಪುಸ್ತಕಗಳಲ್ಲಿ ಒಟ್ಟು 1189 ಅಧ್ಯಾಯ. ದಿನಕ್ಕೆ ಮೂರು, ಭಾನುವಾರ ಐದು ಓದಿದರೆ ವರ್ಷದೊಳಗೆ ಮುಗಿಯುತ್ತದೆ. ಆದಿಕಾಂಡದಲ್ಲಿ 50 ಅಧ್ಯಾಯ, ಅದು ಕಥೆಯ ಹಾಗೆ ಓಡುತ್ತದೆ, ಯೋಸೇಫನ ಹತ್ತಿರ ಬಂದರೆ ಪುಸ್ತಕ ಕೆಳಗಿಡಲು ಮನಸ್ಸೇ ಬರುವುದಿಲ್ಲ. ವಿಮೋಚನಕಾಂಡವೂ ಸೀನಾಯಿ ಬೆಟ್ಟದವರೆಗೆ ಚೆನ್ನಾಗಿ ಸಾಗುತ್ತದೆ. 25ನೇ ಅಧ್ಯಾಯದಿಂದ ದೇವರ ಆರಾಧನೆಗೆ ಕಟ್ಟುವ ಗುಡಾರದ ಅಳತೆ ಶುರು. ಜನವರಿ ಕೊನೆಯ ವಾರಕ್ಕೆ ಯಾಜಕಕಾಂಡಕ್ಕೆ ಬಂದಿರುತ್ತೇವೆ, ದಿನಕ್ಕೆ ಮೂರು ಅಧ್ಯಾಯ ಬಲಿಗಳ ನಿಯಮ, ಅದೇ ಹೊತ್ತಿಗೆ ಹಬ್ಬದ ಗುಂಗು ಇಳಿದು ಮಕ್ಕಳ ಶಾಲೆ, ಹೊಲ, ಕೂಲಿ ಎಲ್ಲಾ ಮೈಮೇಲೆ ಬಿದ್ದಿರುತ್ತದೆ. ನಿಲ್ಲದೆ ಇನ್ನೇನಾಗುತ್ತದೆ ಹೇಳಿ. ಓದುವವರ ಭಕ್ತಿಯಲ್ಲಿ ತಪ್ಪಿಲ್ಲ, ಶುರುವಿನಲ್ಲೇ ಹೊರೆ ಜಾಸ್ತಿಯಾಗಿದೆ ಅಷ್ಟೇ.

ನಮ್ಮ ಕೋಲಾರದ ಕಡೆ ರೇಷ್ಮೆ ಸಾಕುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಚಾಕಿ ಹುಳಕ್ಕೆ, ಅಂದರೆ ಮೊಟ್ಟೆಯೊಡೆದು ಬಂದ ಎಳೆ ಹುಳಕ್ಕೆ, ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕುತ್ತಾರೆ. ಬಲಿತ ಸೊಪ್ಪನ್ನು ಕೊಂಬೆ ಸಮೇತ ಯಾರೂ ಹಾಕುವುದಿಲ್ಲ. ಅದೇ ಹುಳು ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದ ಮೇಲೆ ಎಷ್ಟು ಸೊಪ್ಪು ತಂದು ಹಾಕಿದರೂ ಸಾಲದು, ರಾತ್ರಿ ಹುಳುಮನೆಯಲ್ಲಿ ನಿಂತರೆ ಸಣ್ಣ ಮಳೆ ಬಿದ್ದ ಹಾಗೆ ತಿನ್ನುವ ಸದ್ದು ಕೇಳುತ್ತದೆ. ನಾವು ಓದಿನಲ್ಲಿ ಚಾಕಿ ಹುಳುಗಳಾಗಿದ್ದಾಗಲೇ ಕೊಂಬೆ ಸೊಪ್ಪಿಗೆ ಬಾಯಿ ಹಾಕುತ್ತೇವೆ. ಅದಕ್ಕೇ ನಾನು ಹೇಳುವುದು ಒಂದೇ: ದಿನಕ್ಕೆ ಒಂದು ಅಧ್ಯಾಯ, ಅದಕ್ಕಿಂತ ಜಾಸ್ತಿ ಬೇಡ, ಕನಿಷ್ಠ ಮೊದಲ ವರ್ಷ. ಈ ಒಂದು ಅಧ್ಯಾಯವನ್ನು ಹೇಗೆ ಉಳಿಸಿಕೊಂಡೆ ಅನ್ನುವುದನ್ನು ಬರೆಯುತ್ತೇನೆ.

ಯಾವ ಹೊತ್ತು?

ಬೆಳಿಗ್ಗೆ ಐದಕ್ಕೆ ಎದ್ದು, ಸ್ನಾನ ಮಾಡಿ, ಓದಿದರೇ ಓದು ಅನ್ನುವ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಪ್ರಾರ್ಥನೆಗೆ ಹೋದರು ಅಂತ ಮಾರ್ಕನ ಸುವಾರ್ತೆಯ 1ನೇ ಅಧ್ಯಾಯ 35ನೇ ವಚನದಲ್ಲಿ ಇದೆ, ನಿಜ. ಆದರೆ 1ನೇ ಕೀರ್ತನೆ ಹಗಲಿರುಳು ಅನ್ನುತ್ತದೆ. ದಾನಿಯೇಲ ದಿನಕ್ಕೆ ಮೂರು ಸಲ ಮೊಣಕಾಲೂರಿದ. ಅಪೊಸ್ತಲರ ಕೃತ್ಯಗಳು 8ರಲ್ಲಿ ಐಥಿಯೋಪ್ಯದ ಒಬ್ಬ ದೊಡ್ಡ ಅಧಿಕಾರಿ ರಥದಲ್ಲಿ ಹೋಗುತ್ತಾ ಯೆಶಾಯನ ಪುಸ್ತಕ ಓದುತ್ತಿದ್ದ, ಅದೂ ಪಕ್ಕದಲ್ಲಿ ಓಡಿಬಂದ ಫಿಲಿಪ್ಪನಿಗೆ ಕೇಳಿಸುವಷ್ಟು ಜೋರಾಗಿ. ದಾರಿಯಲ್ಲಿ ಓದಿದ್ದನ್ನೂ ದೇವರು ಓದು ಅಂತಲೇ ತೆಗೆದುಕೊಂಡರು, ಅಲ್ವಾ? ಹಾಗಾಗಿ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಕೆಜಿಎಫ್‌ನವರು ರೈಲಿನಲ್ಲಿ ಓದಲಿ. ಗಾರ್ಮೆಂಟ್ಸ್ ವ್ಯಾನಿನಲ್ಲಿ ಹೋಗುವ ಹೆಣ್ಣುಮಕ್ಕಳು ವ್ಯಾನಿನಲ್ಲಿ ಕಿವಿಗೆ ಹಾಕಿಕೊಂಡು ಕೇಳಲಿ. ನಮ್ಮ ಮನೆಯವರು ತ್ರೀಫೇಸ್ ಕರೆಂಟ್ ಬಂದಾಗ, ಅದು ಕೆಲವು ಸಲ ರಾತ್ರಿ ಎರಡು ಗಂಟೆ, ಮೋಟರ್ ಹಾಕಿ ಮಡಿಗೆ ನೀರು ತಿರುಗಿಸಿ ಕಾಯುವ ಹೊತ್ತಿನಲ್ಲಿ ಫೋನಿನಲ್ಲಿ ಓದುತ್ತಾರೆ.

ಹೊತ್ತಿಗಿಂತ ಮುಖ್ಯವಾದದ್ದು, ಓದನ್ನು ಯಾವ ಕೆಲಸಕ್ಕೆ ಕಟ್ಟುತ್ತೀರಿ ಅನ್ನುವುದು. ನಿಮ್ಮ ದಿನದಲ್ಲಿ ಯಾವತ್ತೂ ತಪ್ಪದ ಕೆಲಸ ಒಂದು ಇದ್ದೇ ಇರುತ್ತದೆ. ಅದರ ಬೆನ್ನಿಗೆ ಓದನ್ನು ಕಟ್ಟಿ. ನನ್ನ ವಿಷಯದಲ್ಲಿ ಅದು ಡೈರಿ. ಮನೆಯಲ್ಲಿ ಎರಡು ಹಸು ಇವೆ. ಬೆಳಿಗ್ಗೆ ಹಾಲು ಕರೆದು, ಡೈರಿಗೆ ಹಾಕಿ ಬಂದು, ಕ್ಯಾನ್ ತೊಳೆದು ಬೋರಲು ಹಾಕುತ್ತೇನೆ. ಕ್ಯಾನ್ ಬೋರಲು ಬಿದ್ದ ತಕ್ಷಣ ಸತ್ಯವೇದ ತೆಗೆಯುತ್ತೇನೆ. ಗಡಿಯಾರ ನೋಡುವುದಿಲ್ಲ. ಹಾಲು ತಡವಾದರೆ ಓದೂ ತಡ. ಹಸುವಿಗೆ ಭಾನುವಾರವಿಲ್ಲ, ಹಬ್ಬವಿಲ್ಲ, ಹಾಗಾಗಿ ಓದನ್ನು ನೆನಪಿಸುವ ಕೆಲಸ ಹಸುವೇ ಮಾಡುತ್ತದೆ. ಮೊದಲು ನಾನು ಹಾಲು ಕರೆಯುವುದಕ್ಕೆ ಮುಂಚೆ ಓದಲು ನೋಡಿದೆ. ಆಗಲಿಲ್ಲ. ಕರು ಕೂಗುತ್ತಿದ್ದರೆ ಮನಸ್ಸು ಕೊಟ್ಟಿಗೆಯಲ್ಲಿರುತ್ತದೆ, ಕಣ್ಣು ಮಾತ್ರ ಪುಸ್ತಕದಲ್ಲಿ. ಕೆಲಸಕ್ಕೆ ಮುಂಚೆ ಕಟ್ಟಿದ ಓದು ಯಾವಾಗಲೂ ಇಕ್ಕಟ್ಟಿಗೆ ಸಿಗುತ್ತದೆ. ಕೆಲಸ ಆದ ಮೇಲೆ ಕಟ್ಟಿ ನೋಡಿ.

ಇನ್ನೊಂದು ವಿಷಯ. ನಮ್ಮಲ್ಲಿ ಸತ್ಯವೇದವನ್ನು ಜಿಪ್ ಕವರಿನಲ್ಲಿ ಹಾಕಿ ಬೀರುವಿನ ಮೇಲೆ ಇಡುತ್ತೇವೆ. ಭಾನುವಾರ ಇಳಿಸುತ್ತೇವೆ, ಮಧ್ಯಾಹ್ನ ವಾಪಸ್ ಮೇಲಿಡುತ್ತೇವೆ. ಅದು ಗೌರವಕ್ಕೆ ಮಾಡುವುದು, ಗೊತ್ತು. ಆದರೆ ಎತ್ತರದಲ್ಲಿರುವ ಪುಸ್ತಕ ಕೈಗೆ ಬರುವುದಿಲ್ಲ. ನೀವು ಕೂರುವ ಜಾಗದಲ್ಲಿ, ಕೈ ಚಾಚಿದರೆ ಸಿಗುವ ಹಾಗೆ ಇಡಿ. ನನ್ನದು ಅಡುಗೆಮನೆ ಕಿಟಕಿಯಲ್ಲಿ ಇದೆ, ಮೂಲೆಗಳು ಸುರುಳಿಯಾಗಿವೆ, ಒಂದು ಕಡೆ ಅರಿಶಿನದ ಕಲೆ ಇದೆ. ಅದರಿಂದ ದೇವರಿಗೆ ಅವಮಾನವಾಗಿದೆ ಅಂತ ನನಗೆ ಅನ್ನಿಸಿಲ್ಲ. ವಯಸ್ಸು 40 ದಾಟಿದವರು ದೊಡ್ಡ ಅಕ್ಷರದ ಪ್ರತಿ ತೆಗೆದುಕೊಳ್ಳಿ, ಇಲ್ಲದಿದ್ದರೆ ಕಣ್ಣು ನೋಯುವುದನ್ನೇ ಬೇಸರ ಅಂದುಕೊಂಡು ಬಿಟ್ಟುಬಿಡುತ್ತೀರಿ. ಫೋನಿನಲ್ಲಿ ಓದುವವರು ಮೊದಲು ನೆಟ್ ಆಫ್ ಮಾಡಿ.

ಎಲ್ಲಿಂದ ಶುರು ಮಾಡುವುದು

ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆಯಿಂದ. ಬರೀ 16 ಅಧ್ಯಾಯ, ಎಲ್ಲೂ ನಿಲ್ಲದೆ ಓಡುವ ಬರವಣಿಗೆ. ಹದಿನಾರು ದಿನದಲ್ಲಿ ಒಂದು ಇಡೀ ಪುಸ್ತಕ ಮುಗಿದಿರುತ್ತದೆ, ಆ ಖುಷಿ ಮುಂದಿನ ಪುಸ್ತಕಕ್ಕೆ ನಿಮ್ಮನ್ನು ನೂಕುತ್ತದೆ. ಆಮೇಲೆ ಆದಿಕಾಂಡ ತೆಗೆದುಕೊಳ್ಳಿ. ಅದಾದ ಮೇಲೆ ಲೂಕ, ಅದರ ಬೆನ್ನಿಗೇ ಅಪೊಸ್ತಲರ ಕೃತ್ಯಗಳು, ಯಾಕೆಂದರೆ ಅವೆರಡನ್ನೂ ಬರೆದ ಕೈ ಒಂದೇ, ಎರಡೂ ಥೆಯೊಫಿಲ ಅನ್ನುವವನಿಗೇ ಬರೆದದ್ದು, ಒಟ್ಟಿಗೆ ಓದಿದರೆ ಒಂದೇ ಕಥೆಯ ಎರಡು ಭಾಗ ಅಂತ ಗೊತ್ತಾಗುತ್ತದೆ. ನಡುವೆ ರೂತಳ ಪುಸ್ತಕ, ನಾಲ್ಕೇ ಅಧ್ಯಾಯ. ಯಾಕೋಬನ ಪತ್ರಿಕೆ ಐದು. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯ ಇರುವುದರಿಂದ 31 ದಿನ ಇರುವ ಯಾವುದಾದರೂ ತಿಂಗಳನ್ನು ಅದಕ್ಕೇ ಇಟ್ಟುಬಿಡಿ, ತಾರೀಖು ಎಷ್ಟೋ ಅಧ್ಯಾಯ ಅಷ್ಟು. ಹೊಸ ಒಡಂಬಡಿಕೆ ಮಾತ್ರ ಓದುತ್ತೇನೆ ಅನ್ನುವವರಿಗೆ ಲೆಕ್ಕ ಇನ್ನೂ ಸುಲಭ. ಅದರಲ್ಲಿ 260 ಅಧ್ಯಾಯ. ವಾರಕ್ಕೆ ಐದು ದಿನ, ದಿನಕ್ಕೆ ಒಂದು ಓದಿದರೂ 52 ವಾರಕ್ಕೆ ಮುಗಿಯುತ್ತದೆ, ವಾರದಲ್ಲಿ ಎರಡು ದಿನ ಬಿಡುವೂ ಸಿಗುತ್ತದೆ.

ಕಥೋಲಿಕರಾಗಿದ್ದರೆ ಇಷ್ಟೆಲ್ಲಾ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆಯಾ ದಿನದ ಪೂಜೆಗೆ ಯಾವ ವಾಚನ, ಯಾವ ಕೀರ್ತನೆ, ಯಾವ ಶುಭಸಂದೇಶ ಅಂತ ಮೊದಲೇ ಗೊತ್ತು ಮಾಡಿದ್ದಾರೆ, ಭಾನುವಾರದ್ದು ಮೂರು ವರ್ಷಕ್ಕೊಂದು ಸುತ್ತು ಬರುತ್ತದೆ. ಅದನ್ನೇ ಮನೆಯಲ್ಲಿ ಓದಿ.

ಯಾಜಕಕಾಂಡ ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ತಡವಾಗಿ ಓದಿ, ಇಬ್ರಿಯರಿಗೆ ಬರೆದ ಪತ್ರಿಕೆಯನ್ನು ಪಕ್ಕದಲ್ಲಿಟ್ಟುಕೊಂಡು ಓದಿ ಅಂತ ಹೇಳುತ್ತಿದ್ದೇನೆ. ಆ ಬಲಿಗಳೆಲ್ಲಾ ಯಾಕೆ ಅನ್ನುವುದು ಆಗ ತೆರೆದುಕೊಳ್ಳುತ್ತದೆ. ಅದರ 19ನೇ ಅಧ್ಯಾಯದಲ್ಲಿ ಬೆಳೆ ಕೊಯ್ಯುವಾಗ ಹೊಲದ ಮೂಲೆಮೂಲೆ ಬಿಡದೆ ಕೊಯ್ಯಬೇಡಿ, ಉದುರಿದ ಹಕ್ಕಲು ತೆನೆ ಆಯಬೇಡಿ, ಅದನ್ನು ಬಡವರಿಗೂ ಪರದೇಶದವರಿಗೂ ಬಿಡಿ ಅಂತ ಇದೆ. ಮೊದಲ ಸಲ ಅದನ್ನು ನಾನು ಸುಮ್ನೆ ದಾಟಿ ಹೋಗಿದ್ದೆ. ರೂತಳ ಪುಸ್ತಕ ಓದಿ ಬಂದ ಮೇಲೆ ಅದೇ ವಚನ ಬೇರೆಯಾಗಿ ಕಂಡಿತು. ಆ ಒಂದು ಕಟ್ಟಳೆಯಿಂದಲೇ ಅಲ್ವಾ ರೂತಳು ಬೋವಜನ ಹೊಲಕ್ಕೆ ಹೋಗಿ ಹಕ್ಕಲಾಯಲು ಆದದ್ದು, ಅತ್ತೆಯ ಹೊಟ್ಟೆ ತುಂಬಿಸಲು ಆದದ್ದು. ನಮ್ಮ ಕಡೆ ಕಡಲೆಕಾಯಿ ಕಿತ್ತ ಹೊಲದಲ್ಲಿ ಹಕ್ಕಲಾಯುವ ಹೆಂಗಸರನ್ನು ನೋಡಿದವರಿಗೆ ಅದು ಸಾವಿರಾರು ಮೈಲಿ ಆಚೆಯ ಮಾತಾಗಿ ಉಳಿಯುವುದಿಲ್ಲ.

ಜೋರಾಗಿ ಓದಿ

ಬಾಯಿಬಿಟ್ಟು ಓದಿ. ಕಣ್ಣಿನಲ್ಲಿ ಓದಿದರೆ ಗೊತ್ತಿರುವ ಭಾಗ ಬಂದ ತಕ್ಷಣ ಕಣ್ಣು ಹಾರುತ್ತದೆ. ಬಾಯಿ ಹಾಗೆ ಹಾರುವುದಿಲ್ಲ, ಒಂದೊಂದು ಪದವನ್ನೂ ಹೇಳಲೇಬೇಕು. ನಮ್ಮ ಹಳೆಯ ಅನುವಾದದ ಕನ್ನಡವಂತೂ ಬಾಯಿಗೆಂದೇ ಮಾಡಿದ ಹಾಗಿದೆ. 23ನೇ ಕೀರ್ತನೆಯ "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಅನ್ನುವುದನ್ನು ನಿಧಾನವಾಗಿ, ಜೋರಾಗಿ ಹೇಳಿ ನೋಡಿ. ಆ 'ಕೊರತೆಪಡೆನು' ಅನ್ನುವ ಪದವನ್ನು ನಾವು ಮನೆಯಲ್ಲಿ ಯಾವತ್ತೂ ಆಡುವುದಿಲ್ಲ, ಆದರೂ ಕಷ್ಟದ ದಿನ ಬಾಯಿಗೆ ಬರುವುದು ಅದೇ. ಪಾವಗಡ, ಶಿರಾ ಕಡೆ ರಸ್ತೆಯಲ್ಲಿ ಕುರಿ ಮಂದೆ ಎದುರಾದಾಗ ನೋಡಿ, ಕುಂಟುವ ಮರಿಯನ್ನು ಕಂಕುಳಲ್ಲಿ ಎತ್ತಿಕೊಂಡು ಬರುವವನು ಒಬ್ಬ ಇರುತ್ತಾನೆ. ಅವನನ್ನು ನೋಡಿದ ಮೇಲೆ ಆ ಕೀರ್ತನೆಗೆ ವಿವರಣೆ ಬೇಕಾಗುವುದಿಲ್ಲ.

ಈ ಕನ್ನಡ ಸುಮ್ನೆ ಬಂದದ್ದಲ್ಲ. ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಅವರು, ವಿಲಿಯಂ ರೀವ್, ಮತ್ತೆ ಅವರಿಗೆ ಕನ್ನಡ ಕಲಿಸಿದ ಇಲ್ಲಿನ ಜನ ಸೇರಿ ದುಡಿದು, ಇಡೀ ಸತ್ಯವೇದ ಕನ್ನಡದಲ್ಲಿ ಬಂದದ್ದು 1831ರಲ್ಲಿ. ಇಪ್ಪತ್ತು ವರ್ಷ ದಾಟಿದ ಕೆಲಸ. ಆಮೇಲೆ ಅದನ್ನು ತಿದ್ದಿದವರು, ಹೊಸದಾಗಿ ಅನುವಾದ ಮಾಡಿದವರು ಎಷ್ಟೋ ಜನ. ಬೇಸರವಾದ ದಿನ ನಾನು ಇದನ್ನು ನೆನಪು ಮಾಡಿಕೊಳ್ಳುತ್ತೇನೆ. ಹಳೆಯ ಅನುವಾದ ಕಷ್ಟ ಅನ್ನಿಸಿದರೆ ಸುಲಭ ಕನ್ನಡದ್ದೂ ಇದೆ, ಯೂವರ್ಷನ್ ಆ್ಯಪ್‌ನಲ್ಲಿ ಒಂದಕ್ಕಿಂತ ಹೆಚ್ಚು ಕನ್ನಡ ಅನುವಾದ ಸಿಗುತ್ತವೆ. ನಮ್ಮದು ಗಡಿ ಜಿಲ್ಲೆ, ಶಾಲೆಯಲ್ಲಿ ಕನ್ನಡ ಕಲಿತು ಮನೆಯಲ್ಲಿ ತೆಲುಗು ಅಥವಾ ತಮಿಳು ಮಾತಾಡುವವರು ಮನೆಗೊಬ್ಬರು ಸಿಗುತ್ತಾರೆ. ಯಾವ ಭಾಷೆಯಲ್ಲಿ ಓದಲಿ ಅಂತ ಕೇಳುತ್ತಾರೆ. ಕಣ್ಣೀರು ಬಂದಾಗ ಯಾವ ಭಾಷೆಯಲ್ಲಿ ಪ್ರಾರ್ಥನೆ ಮಾಡುತ್ತೀರೋ ಆ ಭಾಷೆಯಲ್ಲಿ ಓದಿ.

ಓದುವ ಕ್ರಮ ನನ್ನದು ಹೀಗೆ. ಮೊದಲು ಒಂದೇ ಮಾತಿನ ಪ್ರಾರ್ಥನೆ, ಸ್ವಾಮಿ, ಅರ್ಥ ಮಾಡಿಸು. ಆಮೇಲೆ ಅಧ್ಯಾಯ ಪೂರ್ತಿ ಒಂದು ಸಲ. ನಿಂತುಕೊಳ್ಳುವ ಹಾಗೆ ಮಾಡಿದ ವಚನ ಯಾವುದೋ ಅದನ್ನು ಇನ್ನೊಂದು ಸಲ ಓದಿ, ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಬರೆಯುತ್ತೇನೆ. ವಿವರಣೆ ಏನೂ ಬೇಡ, ವಚನ ಸಾಕು. ಬೇಕಿದ್ದರೆ ಅದರ ಕೆಳಗೆ ಒಂದು ಸಾಲು. ಹಳೆಯ ನೋಟ್‌ಬುಕ್ ತೆಗೆದರೆ ಮಾವನವರು ಆಸ್ಪತ್ರೆಯಲ್ಲಿದ್ದ ವಾರ ಯಾವ ವಚನ ಹಿಡಿದುಕೊಂಡಿದ್ದೆ, ಟೊಮೇಟೊಗೆ ರೇಟ್ ಬಿದ್ದು ಹೊಲದಲ್ಲೇ ಬಿಟ್ಟ ವರ್ಷ ಏನು ಓದುತ್ತಿದ್ದೆ, ಎಲ್ಲಾ ಇದೆ. ಆ ನೋಟ್‌ಬುಕ್ಕಿಗೆ ನಾನು ಬೆಲೆ ಕಟ್ಟಲಾರೆ.

ಅಧ್ಯಾಯ ಉದ್ದವಾದರೆ ನಡುವೆ ನಿಲ್ಲಿಸಿ, ಪಾಪವೇನೂ ಇಲ್ಲ. ಅಧ್ಯಾಯಗಳ ವಿಂಗಡಣೆ ಬಂದದ್ದೇ 13ನೇ ಶತಮಾನದಲ್ಲಿ, ಈಗಿರುವ ವಚನದ ಸಂಖ್ಯೆಗಳು 16ನೇ ಶತಮಾನದಲ್ಲಿ. ಪೌಲ ಪತ್ರ ಬರೆಯುವಾಗ ಅಂಕಿ ಹಾಕಿರಲಿಲ್ಲ. 119ನೇ ಕೀರ್ತನೆಯಲ್ಲಿ 176 ವಚನ ಇವೆ, ಅದನ್ನು ಒಂದೇ ದಿನ ಎಳೆಯಬೇಡಿ. ಎಂಟೆಂಟು ವಚನದ 22 ಭಾಗವಾಗಿಯೇ ಅದನ್ನು ಕಟ್ಟಿದ್ದಾರೆ, ಇಬ್ರಿಯ ಭಾಷೆಯ ಒಂದೊಂದು ಅಕ್ಷರಕ್ಕೆ ಒಂದೊಂದು ಭಾಗ. 22 ದಿನ ಓದಿ.

ಅತ್ತೆ ಮತ್ತು ಬಾವಿಯ ಕೊಡ

ನಮ್ಮ ಅತ್ತೆಗೆ ಅಕ್ಷರ ಬರುವುದಿಲ್ಲ. ಶಾಲೆಯ ಮುಖ ನೋಡಿದವರಲ್ಲ. ಸಂಜೆ ಪ್ರಾರ್ಥನೆಯಲ್ಲಿ ನನ್ನ ಮಗಳು ಓದುತ್ತಾಳೆ, ಅತ್ತೆ ಕೇಳುತ್ತಾರೆ. ಹಿಂದೆ ಮಿಷನ್ ಕಾಲದಲ್ಲಿ ಬೈಬಲ್ ವುಮನ್‌ಗಳು ಅಂತ ಇದ್ದರು, ಮನೆ ಮನೆಗೆ ಹೋಗಿ ಹೆಂಗಸರ ಜೊತೆ ಕೂತು ಓದಿ ಹೇಳುತ್ತಿದ್ದರು. ಈಗ ಆ ಕೆಲಸವನ್ನು ಮನೆಯ ಮಕ್ಕಳೇ ಮಾಡಬಹುದು.

ಒಂದು ಸಂಜೆ ಯೋಹಾನ 4 ಓದುತ್ತಿದ್ದಳು. ಸಮಾರ್ಯದ ಹೆಂಗಸಿನ ಕಥೆ. ಅತ್ತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಯೇಸು ದಣಿದು ಯಾಕೋಬನ ಬಾವಿಯ ಹತ್ತಿರ ಕೂತಿದ್ದು, ಮಧ್ಯಾಹ್ನದ ಹೊತ್ತು ಆ ಹೆಂಗಸು ನೀರಿಗೆ ಬಂದದ್ದು, ಬಾವಿ ಆಳವಾಗಿದೆ, ಸೇದುವುದಕ್ಕೆ ನಿನ್ನ ಹತ್ತಿರ ಏನೂ ಇಲ್ಲವಲ್ಲ ಅಂದದ್ದು, ಎಲ್ಲಾ ಆಯಿತು. ಆ ಹೆಂಗಸು ಕೊಡವನ್ನು ಅಲ್ಲೇ ಬಿಟ್ಟು ಊರೊಳಕ್ಕೆ ಹೋದಳು ಅನ್ನುವ ವಚನ ಬಂತು. ಅತ್ತೆಯ ಕೈ ನಿಂತಿತು.

"ಏನಂದೆ ಕಂದ? ಕೊಡ ಬಿಟ್ಟು ಹೋದ್ಳಾ?"

"ಹೂಂ ಅಜ್ಜಿ, ಹಂಗೇ ಇದೆ."

"ಇನ್ನೊಂದ್ಸಲ ಓದು."

ಅವಳು ಮತ್ತೆ ಓದಿದಳು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ನೀರಿಗೆ ಹೋದೋಳು ಕೊಡ ಬಿಟ್ಟು ಬರ್ತಾಳೇನಮ್ಮ? ನಾವು ಮೈಲಿಗಟ್ಲೆ ನಡೆದು ತರ್ತಿದ್ವಿ. ಒಂದು ಕೊಡ ಒಡೆದು ಬಂದ್ರೆ ಮನೇಲಿ ಏನಾಗ್ತಿತ್ತು ಅಂತ ನಂಗೊತ್ತು. ಅವಳು ಕೊಡಾನೇ ಮರ್ತು ಹೋಗ್ಬೇಕಾದ್ರೆ ಅವಳಿಗೆ ಅಲ್ಲಿ ಎಂಥದ್ದೋ ಸಿಕ್ಕಿದೆ" ಅಂದರು.

ನಾನು ಆ ಅಧ್ಯಾಯವನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಕೊಡ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ನನ್ನ ಕಾಲಕ್ಕೆ ಬೋರ್‌ವೆಲ್ ಬಂದಿತ್ತು, ಈಗಂತೂ ನಮ್ಮ ಕಡೆ ಸಾವಿರ ಅಡಿ ದಾಟಿ ಕೊರೆದರೂ ನೀರು ಸಿಗದ ಜಾಗಗಳಿವೆ, ಆದರೂ ನೀರಿಗೆ ನಡೆದ ಕಾಲು ನನ್ನದಲ್ಲ, ಅವರದು. ಓದಲು ಬಾರದವರಿಗೆ ಓದಿ ಹೇಳಿದರೆ ಅವರಿಗೆ ಉಪಕಾರ ಅಂತ ಅಂದುಕೊಂಡಿದ್ದೆ. ಆವತ್ತಿನಿಂದ ನನಗೆ ಕಷ್ಟವಾದ ಅಧ್ಯಾಯ ಬಂದರೆ ಅದನ್ನು ಸಂಜೆಗೆ ಉಳಿಸಿಕೊಂಡು ಅತ್ತೆಯ ಮುಂದೆ ಓದಿಸುತ್ತೇನೆ. ನಿಮ್ಮ ಮನೆಯಲ್ಲಿ ಅಜ್ಜಿ ತಾತ ಇದ್ದರೆ ಇದನ್ನು ಮಾಡಿ. ಮಕ್ಕಳಿಗೂ ಓದುವ ಅಭ್ಯಾಸ ಆಗುತ್ತದೆ. ಮಕ್ಕಳು ಬೇಗ ಬೇಗ ಓದಿ ಓಡಿಹೋಗಲು ನೋಡುತ್ತಾರೆ, ಆಗ ಒಬ್ಬೊಬ್ಬರಿಗೆ ಐದು ವಚನ ಅಂತ ಹಂಚಿಕೊಡಿ. ಬೈದು ಕೂರಿಸಬೇಡಿ, ಸತ್ಯವೇದ ಅಂದರೆ ಬೈಗುಳ ನೆನಪಾಗುವಂತೆ ಆಗಬಾರದು.

ತಪ್ಪಿದ ದಿನ

ತಪ್ಪುತ್ತದೆ. ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ, ಅಂದರೆ ಬಿದಿರಿನ ತಟ್ಟೆಗೆ, ಬಿಡುವ ದಿನ ಮನೆಯಲ್ಲಿ ಊಟಕ್ಕೇ ಹೊತ್ತಿರುವುದಿಲ್ಲ. ಮದುವೆ, ಜ್ವರ, ಸಾವು ಎಲ್ಲಾ ಇರುತ್ತವೆ. ಮೂರು ದಿನ ತಪ್ಪಿತು ಅಂದುಕೊಳ್ಳಿ. ನಾಲ್ಕನೇ ದಿನ ನಾವು ಮಾಡುವ ತಪ್ಪು, ನಾಲ್ಕು ಅಧ್ಯಾಯ ಓದಿ ಬಾಕಿ ತೀರಿಸಲು ಹೋಗುವುದು. ದಯವಿಟ್ಟು ಹಾಗೆ ಮಾಡಬೇಡಿ. ಇದು ಸಂಘದ ಕಂತಲ್ಲ. ಬಾಕಿ ಬೆಳೆಯುತ್ತಾ ಹೋದರೆ ಸಾಲ ಕೊಟ್ಟವನನ್ನು ಕಂಡು ಮರೆಯಾಗುವ ಹಾಗೆ ಪುಸ್ತಕವನ್ನು ಕಂಡು ಮರೆಯಾಗುತ್ತೇವೆ, ನನಗೆ ಆರೇಳು ವರ್ಷ ಆದದ್ದು ಅದೇ. ನಿಲ್ಲಿಸಿದ ಜಾಗ ತೆರೆಯಿರಿ, ಒಂದು ಅಧ್ಯಾಯ ಓದಿ, ಮುಚ್ಚಿ.

ಅದಕ್ಕೇ ತಾರೀಖು ಹಾಕಿದ ಪಟ್ಟಿ ನನಗೆ ಇಷ್ಟವಿಲ್ಲ. ಜ್ಞಾನೋಕ್ತಿಗಳ ಒಂದು ತಿಂಗಳು ಬಿಟ್ಟರೆ ನಾನು ಪಟ್ಟಿ ಇಟ್ಟುಕೊಳ್ಳುವುದೇ ಇಲ್ಲ. ಪುಟದ ನಡುವೆ ಒಂದು ದಾರ ಹಾಕಿದ್ದೇನೆ. ದಾರ ಎಲ್ಲಿದೆಯೋ ಅಲ್ಲಿಂದ ಓದು. ದಾರಕ್ಕೆ ನಾನು ಎಷ್ಟು ದಿನ ತಪ್ಪಿಸಿದೆ ಅಂತ ಗೊತ್ತಿಲ್ಲ. ತೀರಾ ಆಗದ ದಿನಕ್ಕೆ ಒಂದು ಚಿಕ್ಕ ಅಧ್ಯಾಯವನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ. 117ನೇ ಕೀರ್ತನೆಯಲ್ಲಿ ಎರಡೇ ವಚನ. ಸೊಪ್ಪು ಹಾಕುತ್ತಾ ಹೇಳಿಕೊಳ್ಳಬಹುದು, ಆಸ್ಪತ್ರೆಯ ಸಾಲಿನಲ್ಲಿ ನಿಂತು ಹೇಳಿಕೊಳ್ಳಬಹುದು.

ಮನೆಯಲ್ಲಿ ನೀವೊಬ್ಬರೇ ನಂಬಿದವರಾದರೆ ಕಷ್ಟ ಬೇರೆ ಥರ, ಅದು ನನಗೆ ಗೊತ್ತು. ತೋರಿಸಿಕೊಂಡು ಓದಬೇಡಿ, ಕದ್ದು ಓದುವ ಹಾಗೂ ಮಾಡಬೇಡಿ. ಅಡುಗೆ ಮುಗಿಸಿ ಹತ್ತು ನಿಮಿಷ ಕೂತರೆ ಸಾಕು. ದಿನವೂ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಕೂತರೆ ಸ್ವಲ್ಪ ದಿನಕ್ಕೆ ಅದು ಮನೆಯವರಿಗೂ ರೂಢಿಯಾಗುತ್ತದೆ.

ಒಂದು ವಚನ ಕಿತ್ತುಕೊಂಡು ಓಡಬೇಡಿ

ಬೆಳಿಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಹೂವಿನ ಚಿತ್ರದ ಮೇಲೆ ಬರುವ ವಚನ ಒಳ್ಳೆಯದೇ, ಆದರೆ ಅದು ಓದು ಅಲ್ಲ. ಕಣ್ಣು ಮುಚ್ಚಿ ಪುಸ್ತಕ ತೆರೆದು ಬೆರಳಿಟ್ಟ ಜಾಗವನ್ನು ಇವತ್ತಿನ ಮಾತು ಅಂತ ತೆಗೆದುಕೊಳ್ಳುವುದಂತೂ ಬೇಡವೇ ಬೇಡ. ದೇವರು ಶಕುನ ಹೇಳುತ್ತಿಲ್ಲ, ಮಾತಾಡುತ್ತಿದ್ದಾರೆ. ಮಾತಾಡುವವರ ಮಾತನ್ನು ಪೂರ್ತಿ ಕೇಳಬೇಕು.

ಯೆರೆಮೀಯ 29:11 ನೋಡಿ. ನಿಮ್ಮ ವಿಷಯದಲ್ಲಿ ನನಗಿರುವ ಯೋಚನೆ ಹಿತದ್ದು, ಕೇಡಿನದಲ್ಲ ಅನ್ನುವ ಆ ಮಾತು ಎಷ್ಟು ಮನೆಯ ಗೋಡೆಯ ಮೇಲಿದೆ. ಅದರ ಹಿಂದಿನ ವಚನದಲ್ಲೇ 70 ವರ್ಷ ಅಂತ ಇದೆ. ಆ ಅಧ್ಯಾಯವೇ ಒಂದು ಪತ್ರ, ಬಾಬೆಲಿಗೆ ಸೆರೆ ಹೋದ ಜನಕ್ಕೆ ಬರೆದದ್ದು. ಬೇಗ ವಾಪಸ್ ಬರುತ್ತೀರಿ ಅಂತ ಅದು ಹೇಳುವುದಿಲ್ಲ. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಊರಿಗಾಗಿ ಪ್ರಾರ್ಥಿಸಿ ಅನ್ನುತ್ತದೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿದಾಗ ಕೆಜಿಎಫ್‌ನಲ್ಲಿ ಕೆಲಸ ಕಳೆದುಕೊಂಡ ಎಷ್ಟು ಮನೆಗಳಲ್ಲಿ ಆ 11ನೇ ವಚನ ಗೋಡೆಯ ಮೇಲಿತ್ತೋ. ಗಣಿ ಮತ್ತೆ ತೆರೆಯುತ್ತದೆ ಅಂತ ಅದನ್ನು ಓದಿಕೊಂಡವರಿಗೆ ಕಾಯುವುದೇ ಬದುಕಾಯಿತು. ಒಂದನೇ ವಚನದಿಂದ ಓದಿದವರಿಗೆ ಇವತ್ತು ಏನು ನೆಡಬೇಕು ಅನ್ನುವುದೂ ಸಿಗುತ್ತದೆ. ಕಿತ್ತುಕೊಂಡ ವಚನಕ್ಕೂ ಬೇರು ಸಮೇತ ಇರುವ ವಚನಕ್ಕೂ ಇಷ್ಟು ವ್ಯತ್ಯಾಸ.

ಅರ್ಥವಾಗದ್ದು ತುಂಬಾ ಇರುತ್ತದೆ. ಆ ಐಥಿಯೋಪ್ಯದ ಅಧಿಕಾರಿಯೂ, ಯಾರಾದರೂ ತಿಳಿಸಿಕೊಡದೆ ಹೇಗೆ ಗೊತ್ತಾಗುತ್ತದೆ ಅಂತಲೇ ಕೇಳಿದ. ನೋಟ್‌ಬುಕ್ಕಿನ ಕೊನೆಯ ಪುಟಗಳನ್ನು ಪ್ರಶ್ನೆಗಳಿಗೆ ಬಿಡಿ. ಪ್ರಶ್ನೆ ಬರೆದು ಮುಂದೆ ಹೋಗಿ, ಅಲ್ಲೇ ಸಿಕ್ಕಿಹಾಕಿಕೊಂಡು ಕೂರಬೇಡಿ. ಭಾನುವಾರ ಆರಾಧನೆ ಮುಗಿದ ಮೇಲೆ ಅಯ್ಯನವರನ್ನೋ ಪಾಸ್ಟರನ್ನೋ ಹಿಡಿದು ಒಂದೇ ಒಂದು ಪ್ರಶ್ನೆ ಕೇಳಿ. ಬಹಳ ಜನ ಅವರ ಹತ್ತಿರ ಪ್ರಾರ್ಥನೆ ಮಾಡಿಸಿಕೊಳ್ಳಲು ಹೋಗುತ್ತಾರೆ, ಓದಿ ಪ್ರಶ್ನೆ ತರುವವರು ಕಡಿಮೆ. ಅವರಿಗೆ ಸಂತೋಷವಾಗುತ್ತದೆ. ಜೊತೆಗೆ ಒಬ್ಬ ಸ್ನೇಹಿತೆಯನ್ನು ಗೊತ್ತು ಮಾಡಿಕೊಳ್ಳಿ. ನಾನು ಮತ್ತು ಡೈರಿಗೆ ಹಾಲು ತರುವ ಪಕ್ಕದ ಬೀದಿಯ ಅಕ್ಕ ಒಂದೇ ಪುಸ್ತಕ ಓದುತ್ತೇವೆ. ಹಾಲಿನ ಫ್ಯಾಟ್ ನೋಡುವಷ್ಟು ಹೊತ್ತಿನಲ್ಲಿ "ನೆನ್ನೆ ಎಲ್ಲಿಗೆ ಬಂದ್ರಿ?" ಅಂತ ಕೇಳುತ್ತೇವೆ, ಅಷ್ಟೇ. ಅವರು ಕೇಳುತ್ತಾರಲ್ಲಾ ಅಂತಲೇ ಎಷ್ಟೋ ದಿನ ಓದಿದ್ದೇನೆ.

ಜನವರಿ ಬರಲಿ ಅಂತ ಕಾಯಬೇಡಿ. ಇವತ್ತು ರಾತ್ರಿ ಸತ್ಯವೇದವನ್ನು ಬೀರುವಿನಿಂದ ಇಳಿಸಿ, ಮಾರ್ಕ 1ಕ್ಕೆ ಒಂದು ದಾರ ಹಾಕಿ, ನಾಳೆ ನೀವು ಕೂರುವ ಜಾಗದಲ್ಲಿ ಇಟ್ಟು ಮಲಗಿ. ಆ ಅಧ್ಯಾಯದಲ್ಲಿ 45 ವಚನ ಇವೆ. ಜಾಸ್ತಿ ಅನ್ನಿಸಿದರೆ 20ಕ್ಕೆ ನಿಲ್ಲಿಸಿ. ಅಲ್ಲಿಗೆ ಕೆರೆಯ ದಡದಲ್ಲಿದ್ದ ನಾಲ್ವರು ಬಲೆ, ದೋಣಿ ಎಲ್ಲಾ ಬಿಟ್ಟು ಯೇಸುವಿನ ಹಿಂದೆ ಹೊರಟಿರುತ್ತಾರೆ. ಅವರು ಎಲ್ಲಿಗೆ ಹೋದರು ಅನ್ನುವುದನ್ನು ನಾಡಿದ್ದು ಓದಬಹುದು.